ಬಾಣಂತಿ ಕೋಣೆಯ ಬೆಂಕಿ

ಒಲೆಗೆ ಯಾವ ದಿನ ಏನು ಹಾಕಬೇಕು ಎಂದು ತೀರ್ಮಾನಿಸುವ ಅಧಿಕಾರ ನಮ್ಮ ಮನೆಯಲ್ಲಿ ನನಗೆ ಒಂಬತ್ತನೇ ವಯಸ್ಸಿಗೇ ಸಿಕ್ಕಿತ್ತು. ಮೊದಲು ಅದು ಆಯಿಯ ಅಧಿಕಾರ. ಆಯಿ ಎಂದರೆ ಅಪ್ಪನ ತಾಯಿ, ದೇವದುರ್ಗದ ಕಡೆಯ ಅರಕೇರಾದ ಹೆಣ್ಣುಮಗಳು. ರಾಯಚೂರಿಗೆ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡರೂ ಪೇಟೆಯ ಕಟ್ಟಿಗೆಯನ್ನು ಮಾತ್ರ ಅವಳು ಕೊನೆಯವರೆಗೂ ನಂಬಲಿಲ್ಲ. ಕಣ್ಣಿಗೆ ಪೊರೆ ಬಂದು ಹಸಿ ಯಾವುದು, ಒಣ ಯಾವುದು ಎಂದು ಕಾಣದಂತಾದಾಗ ಆ ಕೆಲಸ ನ್ಯಾಯವಾಗಿ ಅವ್ವನಿಗೆ ಹೋಗಬೇಕಿತ್ತು. ಆದರೆ ಸೊಸೆಯ ಮೇಲೆ ಆಯಿಗೆ ಅಷ್ಟು ಭರವಸೆ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕುವವಳು ಎಂಬುದು ಅವ್ವನ ಮೇಲಿದ್ದ ಹಳೆಯ ದೂರು. ಹೀಗಾಗಿ ಅಧಿಕಾರ ಒಂದು ತಲೆಮಾರನ್ನು ದಾಟಿ ನನ್ನ ಕೈಗೆ ಬಂತು. ಅಂದಿನಿಂದ ನಾನು ಬೀಗಿದ್ದು ಎಷ್ಟೆಂದರೆ, ಶಾಲೆಯಲ್ಲಿ ಕಲಿಸುವುದೆಲ್ಲ ಒಲೆ ಹಚ್ಚಲು ಬಾರದವರ ವಿದ್ಯೆ ಎಂದೇ ತಿಳಿದಿದ್ದೆ. ಜಂಬ ನನ್ನ ಹುಟ್ಟುಗುಣ. ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ನಮ್ಮದು ರೈಲು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಒಂದರ ಹಿಂದೆ ಒಂದು ಮೂರು ಅಂಕಣ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಒಂದು ಕತ್ತಲೆ ಕೋಣೆ. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಮೊಳದಷ್ಟು ಅಗಲದ ಒಂದು ಕಿಟಕಿ. ಹಿತ್ತಲಲ್ಲಿ ತಗಡಿನ ಮಾಡು ಇಳಿಸಿ ಉರುವಲು ಒಟ್ಟುತ್ತಿದ್ದೆವು. ಒಂದು ಕಡೆ ಜಾಲಿ ಕೊರಡು, ಇನ್ನೊಂದು ಕಡೆ ಹತ್ತಿಕಟ್ಟಿಗೆಯ ಹೊರೆ, ಗೋಡೆಗೆ ಸಾಲಾಗಿ ಒರಗಿಸಿಟ್ಟ ಸಗಣಿಯ ಕುಳ್ಳು. ಹತ್ತಿಕಟ್ಟಿಗೆ ಬರುತ್ತಿದ್ದದ್ದು ಆಯಿಯ ತಮ್ಮನ ಹೊಲದಿಂದ, ದೇವದುರ್ಗದ ಬಸ್ಸಿನ ನೆತ್ತಿಯ ಮೇಲೆ. ಅಪ್ಪ ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ದುಡಿಯುತ್ತಿದ್ದ. ಇಡೀ ದಿನ ಹತ್ತಿಯ ನಡುವೆ ಇದ್ದು ಬಂದವನಿಗೆ ಮನೆಯಲ್ಲೂ ಹತ್ತಿಯ ಗಿಡವೇ ಎದುರಾಗುತ್ತದಲ್ಲ ಎಂದು ಅವ್ವ ಅವನನ್ನು ಕೆಣಕುತ್ತಿದ್ದಳು. ಅಪ್ಪ ನಗುತ್ತಿದ್ದ, ಮಾತು ಕಡಿಮೆ.

ಆಯಿಯ ಕಾನೂನುಗಳು ಬಿಗಿಯಾಗಿದ್ದವು. ಹಾಲಿಗೆ ಕುಳ್ಳಿನ ಬೆಂಕಿಯೇ ಆಗಬೇಕು, ಅವಸರವಿಲ್ಲದ ಆ ಉರಿಯಲ್ಲಿ ಕೆನೆ ಕೆಂಪಗೆ ಕಟ್ಟುತ್ತದೆ. ರೊಟ್ಟಿಗೆ ಹತ್ತಿಕಟ್ಟಿಗೆ, ಭಗ್ಗನೆ ಎದ್ದು ಹಂಚಿನ ಅಂಚಿನವರೆಗೂ ಹಬ್ಬಿ, ರೊಟ್ಟಿ ಉಬ್ಬುವಷ್ಟರಲ್ಲಿ ತಣ್ಣಗಾಗುವ ಉರಿ ಅದು. ಬೇಳೆಗೆ ಜಾಲಿ. ಬೇವನ್ನು ಅಡುಗೆಗೆ ಮುಟ್ಟುವಂತಿಲ್ಲ, ಅದರ ಹೊಗೆ ಅನ್ನಕ್ಕೂ ಕಹಿ ಹತ್ತಿಸುತ್ತದೆ ಎಂದು ಅವಳ ವಾದ. ನಾನು ಒಮ್ಮೆ ಕದ್ದು ಬೇವಿನ ಕಟ್ಟಿಗೆಯಲ್ಲಿ ಅನ್ನ ಬೇಯಿಸಿ ನೋಡಿದೆ. ಕಹಿಯಿರಲಿಲ್ಲ. ಆದರೂ ಆಯಿ ಒಂದು ತುತ್ತು ಬಾಯಿಗಿಟ್ಟವಳೇ ತಟ್ಟೆ ಸರಿಸಿದಳು. ಅವಳಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಬಹುಶಃ ನನ್ನ ಮೌನದಿಂದಲೇ ತಿಳಿದಿರಬೇಕು.

ಕಟ್ಟಿಗೆ ಅಡ್ಡೆಗೆ ಹೋಗಿ ಜಾಲಿ ಕೊರಡು ಆರಿಸುವುದು ನನಗೆ ಜಾತ್ರೆಗಿಂತ ದೊಡ್ಡದು. ಎರಡು ತುಂಡು ಕೈಗೆತ್ತಿಕೊಂಡು ಒಂದಕ್ಕೊಂದು ಬಡಿಯಬೇಕು. ಠಣ್ ಎಂದರೆ ಒಣಗಿದೆ, ದಪ್ ಎಂದರೆ ಒಳಗೆ ನೀರಿದೆ. ತುದಿಯ ಸೀಳು ನೋಡಬೇಕು, ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಬೇಕು. ನಾನು ಇದನ್ನೆಲ್ಲ ಒಂದೊಂದೇ ತುಂಡಿಗೆ ಮಾಡುವುದನ್ನು ಕಂಡು ಅಡ್ಡೆಯ ಮುದುಕ ಬೇಸತ್ತುಹೋಗುತ್ತಿದ್ದ.

"ಲೇ ಹುಡುಗಿ, ಕಟಗಿ ತಗೊಳ್ಳಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?"

"ಒಳಗ ಹಸಿ ಅದ ರೀ ಇದು. ನಿಮ್ಮ ಮನ್ಯಾಗ ಹಚ್ಚಿ ನೋಡ್ರಿ, ಕಣ್ಣೀರು ಬರ್ತಾವ."

ಅವನು ಬೈಯುತ್ತಲೇ ಬೇರೆ ಕೊರಡು ಎಳೆದುಕೊಡುತ್ತಿದ್ದ. ಓಣಿಯ ಹೆಂಗಸರು ತಮಗೂ ಆರಿಸಿಕೊಡು ಎಂದು ನನ್ನನ್ನು ಕರೆದೊಯ್ಯಲು ಶುರುಮಾಡಿದ ಮೇಲಂತೂ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ನಮ್ಮ ಮನೆಗೆ ಬಾರದ ಉರುವಲು ಒಂದೇ, ರೈಲಿನ ಇದ್ದಲಿ. ಆಗ ಉಗಿಬಂಡಿಗಳಿದ್ದ ಕಾಲ. ಎಂಜಿನ್ನಿನ ಬೂದಿ ಸುರಿಯುವ ಜಾಗದಲ್ಲಿ ಅರೆಸುಟ್ಟ ಕಲ್ಲಿದ್ದಲ ಚೂರುಗಳು ಬೇಕಾದಷ್ಟು ಸಿಗುತ್ತಿದ್ದವು. ಓಣಿಯ ಮಕ್ಕಳು ಬುಟ್ಟಿ ತೆಗೆದುಕೊಂಡು ಹೋಗಿ ಆಯ್ದು ತರುತ್ತಿದ್ದರು. ಒಮ್ಮೆ ಸುಟ್ಟು ಆರಿದ್ದಾದ್ದರಿಂದ ಅದಕ್ಕೆ ಹೊಗೆಯೇ ಇಲ್ಲ. ಹೊತ್ತಿಕೊಳ್ಳುವುದು ತಡ, ಹೊತ್ತಿಕೊಂಡರೆ ಅರ್ಧ ದಿನ ಕೆಂಡ. ಎಲ್ಲರ ಮನೆಯ ಅಂಗಳದಲ್ಲೂ ಸ್ನಾನದ ನೀರು ಕಾಯುತ್ತಿದ್ದದ್ದು ಅದರಲ್ಲೇ. ಆಯಿ ಮಾತ್ರ ಒಪ್ಪಲಿಲ್ಲ.

"ಗಿಡದ್ದಲ್ಲ, ದನದ್ದಲ್ಲ. ಅದು ಎಲ್ಲಿ ಹುಟ್ಟೇದ, ಯಾರಿಗೆ ಗೊತ್ತದ? ನಮ್ಮನಿ ಹೊಸ್ತಿಲ ದಾಟಬಾರದು ಅದು."

ಇದಕ್ಕಿಂತ ಹೆಚ್ಚಿನ ಕಾರಣ ಅವಳು ಕೊಡಲಿಲ್ಲ, ನನಗೆ ಅದು ಕಾರಣವೆಂದೇ ಅನಿಸಲಿಲ್ಲ. ಹಳ್ಳಿಯ ಮುದುಕಿ, ಹೊಸದನ್ನು ಕಂಡರೆ ಹೆದರುತ್ತಾಳೆ ಎಂದುಕೊಂಡೆ. ಹನ್ನೊಂದು ವರ್ಷದವಳಾಗಿ ನಾನು ಆಗಲೇ ಆಯಿಗಿಂತ ಜಾಣೆ ಎಂದು ತೀರ್ಮಾನವಾಗಿತ್ತು.

ಆ ವರ್ಷ ಶಾಂತಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳನ್ನು ಮಾನ್ವಿಗೆ ಕೊಟ್ಟಿತ್ತು. ಅಲ್ಲಿ ಕಾಲುವೆ ನೀರಿನ ಭತ್ತ, ಮನೆಯಲ್ಲಿ ಭತ್ತದ ಹೊಟ್ಟಿನ ಒಲೆ. ಒಂದು ಕೈಯಲ್ಲಿ ಹೊಟ್ಟು ಉದುರಿಸುತ್ತ, ಇನ್ನೊಂದು ಕೈಯಲ್ಲಿ ಅಡುಗೆ ಮಾಡುತ್ತ ತನ್ನ ಕಣ್ಣೆಲ್ಲ ಹೋಯಿತು ಎಂದು ಅಕ್ಕ ಬಂದ ದಿನವೇ ಹೇಳಿಕೊಂಡಳು. ನನಗಿಂತ ಎಂಟು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳ ಮದುವೆಯಾದ ದಿನ ನಾನು ಅತ್ತಷ್ಟು ಅವಳೂ ಅತ್ತಿರಲಿಲ್ಲ. ಅವಳಿಗೆ ಹೆಣ್ಣುಕೂಸು ಹುಟ್ಟಿತು. ಹೆರಿಗೆ ಮಾಡಿಸಿದವಳು ಮೌಲಾಬಿ. ಓಣಿಯ ಕೊನೆಯ ಮನೆಯ ಮೌಲಾಬಿ ನಮ್ಮ ಭಾಗದ ಸೂಲಗಿತ್ತಿ. ಶಾಂತಕ್ಕನನ್ನೂ ನನ್ನನ್ನೂ ಭೂಮಿಗೆ ಇಳಿಸಿಕೊಂಡವಳೂ ಅವಳೇ. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿ ಮಾತಾಡುತ್ತಿದ್ದಳು. ಓಣಿಯ ಯಾವ ಮಗುವೂ ಅವಳ ಎದುರು ಮೂಗು ಸೋರಿಸಿಕೊಂಡು ಓಡಾಡುವಂತಿರಲಿಲ್ಲ. ಹಿಡಿದು ನಿಲ್ಲಿಸಿ ತನ್ನ ಸೆರಗಿನಲ್ಲೇ ಒರೆಸುತ್ತಿದ್ದಳು.

ಬಾಣಂತಿಯನ್ನು ಕಾಸುವುದು ನಮ್ಮ ಕಡೆಯ ಪದ್ಧತಿ. ಕತ್ತಲೆ ಕೋಣೆಯಲ್ಲಿ ಹಗ್ಗದ ಹೊರಸು ಹಾಕಿ, ಅದರ ಕೆಳಗೆ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ತಾಯಿ ಮಗುವನ್ನು ಮೇಲೆ ಮಲಗಿಸುತ್ತಾರೆ. ಬಾಣಂತಿಗೆ ಗಾಳಿ ತಾಕಬಾರದು. ಆಯಿ ಕಿಟಕಿಗೆ ಹಳೆಯ ಕೌದಿಯನ್ನು ತುರುಕಿ, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದಳು. ಮೌಲಾಬಿಗೂ ಕಾಸುವುದು ಬೇಕಿತ್ತು, ಆದರೆ ಕಿಟಕಿಯ ವಿಷಯದಲ್ಲಿ ಇಬ್ಬರಿಗೂ ದಿನಾ ಜಗಳ.

"ಅರೆ, ಆ ಕೌದಿ ಇಷ್ಟರ ತಗಿ ಬೇ. ಬೆಂಕಿಗೂ ಉಸಿರು ಬೇಕು, ಕೂಸಿಗೂ ಉಸಿರು ಬೇಕು," ಎನ್ನುತ್ತಿದ್ದಳು ಮೌಲಾಬಿ, ಎರಡು ಬೆರಳು ತೋರಿಸಿ.

"ಗಾಳಿ ಬಡದು ನನ್ನ ಮೊಮ್ಮಗಳಿಗೆ ಸನ್ನಿ ಹಿಡದ್ರ ನೀ ಬರ್ತೀ? ನಿನ್ನ ಕೆಲಸ ನೀ ಮಾಡು," ಎನ್ನುತ್ತಿದ್ದಳು ಆಯಿ.

ಮೌಲಾಬಿ ಹೋಗುವಾಗ ಕೌದಿಯನ್ನು ಎರಡು ಬೆರಳಷ್ಟು ಸರಿಸಿ ಹೋಗುತ್ತಿದ್ದಳು. ಆಯಿ ತಡವರಿಸಿಕೊಂಡು ಹೋಗಿ ಮತ್ತೆ ತುರುಕುತ್ತಿದ್ದಳು.

ಅಗ್ಗಿಷ್ಟಿಕೆಗೆ ಬೆಂಕಿ ಮಾಡುವ ಕೆಲಸ ನನ್ನದು. ಜಾಲಿಯ ಕೆಂಡದ ಮೇಲೆ ಕುಳ್ಳಿನ ಚೂರು ಹಾಕಿ ಒಯ್ಯುತ್ತಿದ್ದೆ. ಎಷ್ಟೇ ಒಣಗಿದ್ದರೂ ಕುಳ್ಳು ಕುಳ್ಳೇ. ಆ ಮುಚ್ಚಿದ ಕೋಣೆಯಲ್ಲಿ ಹೊಗೆ ಸೂರಿನಿಂದ ಇಳಿದು ಹೊರಸಿನ ಮಟ್ಟಕ್ಕೆ ಬರುತ್ತಿತ್ತು. ಅಕ್ಕ ಕೆಮ್ಮುತ್ತಿದ್ದಳು, ಕೂಸು ಚೀರುತ್ತಿತ್ತು, ಕೊನೆಗೆ ಆಯಿಯೇ ಸಹಿಸಲಾರದೆ ಬೈಯುತ್ತ ಬಾಗಿಲು ತೆರೆದು ಸೆರಗಿನಿಂದ ಬೀಸುತ್ತಿದ್ದಳು. ದಿನಕ್ಕೆ ಏಳೆಂಟು ಸಲ ಹೀಗೆ. ಒಂಬತ್ತನೆಯ ದಿನ ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ಕೆಂಪಡರಿ ಬಾತಿದ್ದವು.

"ಗಂಗೀ, ಮಾನ್ವ್ಯಾಗ ಹೊಗಿ, ಇಲ್ಲೂ ಹೊಗಿ. ನಿನಗ ಅಷ್ಟ್ ಕಟಗಿ ಗೊತ್ತಾಗ್ತಾವ ಅಂತೀ, ಹೊಗಿ ಇಲ್ಲದ್ದು ಒಂದು ತರಾಕ ಆಗಂಗಿಲ್ಲೇನು?"

ಹೊಗೆ ಇಲ್ಲದ್ದು ಯಾವುದೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಶಾಲೆಗೆಂದು ಹೊರಟು ಹಳಿಯ ಕಡೆ ಹೋದೆ. ಬುಟ್ಟಿ ಒಯ್ದರೆ ಗೊತ್ತಾಗುತ್ತದೆಂದು ಪಾಟೀಚೀಲದಲ್ಲೇ ಇದ್ದಲಿ ತುಂಬಿದೆ. ಅಲ್ಲೂ ನನ್ನ ಆರಿಸುವ ಚಟ ಬಿಡಲಿಲ್ಲ. ಹಗುರವಾಗಿ, ತೂತು ತೂತಾಗಿ, ಕೈಗೆ ಎಣ್ಣೆ ಹತ್ತದಂಥವನ್ನೇ ಹೆಕ್ಕಿದೆ. ಅಂಥವಕ್ಕೆ ಹೊಗೆಯ ಎಳೆಯೂ ಇರುವುದಿಲ್ಲ. ಮನೆಗೆ ಬಂದು ಶಾಲೆಗೆ ರಜೆ ಕೊಟ್ಟರು ಎಂದು ಸುಳ್ಳು ಹೇಳಿ, ಹಿತ್ತಲ ಕಟ್ಟಿಗೆಯ ಮಾಡಿನಲ್ಲಿ ಕೂತು ಅಗ್ಗಿಷ್ಟಿಕೆಯ ತಳದಲ್ಲಿ ಅವನ್ನು ಒತ್ತಿ ತುಂಬಿ, ಊದಿ ಊದಿ ಹೊತ್ತಿಸಿ, ಆಯಿ ಮುಟ್ಟಿ ನೋಡಿದರೂ ತಿಳಿಯದಿರಲೆಂದು ಮೇಲೆ ಜಾಲಿಯ ಕೆಂಡ ಹರಡಿದೆ. ತಾಯಿ ಮಗುವಿಗೆ ಬೆಳಗಿನ ನೀರೆರೆಯುವುದು ಮುಗಿದಿತ್ತು. ಮೌಲಾಬಿ ಅಕ್ಕನಿಗೆ ಅಜವಾನ, ಶುಂಠಿ, ಬೆಲ್ಲ ಹಾಕಿ ಕುದಿಸಿದ ಕಾಢೆ ಕುಡಿಸಿ ಹೋಗಿದ್ದಳು. ನಾನು ಅಗ್ಗಿಷ್ಟಿಕೆಯನ್ನು ಹೊರಸಿನ ಕೆಳಗೆ ಸರಿಸಿದೆ. ಆಯಿ ಮೂಗು ಎತ್ತಿ ಗಾಳಿ ಎಳೆದುಕೊಂಡಳು.

"ಇವತ್ತ್ ನೋಡು, ಬೆಂಕಿ ಅಂದ್ರ ಇದು. ಒಂದ್ ಎಳಿ ಹೊಗಿ ಇಲ್ಲ. ಎಲ್ಲಿ ಹುಡುಕಿದಿ ಈ ಕಟಗಿ?"

"ಜಾಲಿ ಆಯಿ. ಚೊಲೊ ಒಣಗಿದ್ದು ಆರಿಸೀನಿ."

"ನನ್ನ ಮೊಮ್ಮಗಳು!" ಎಂದು ಅವಳು ನನ್ನ ಗದ್ದ ಹಿಡಿದು ತನ್ನ ಬೆರಳಿಗೆ ತಾನೇ ಮುತ್ತಿಟ್ಟುಕೊಂಡಳು. ಅಕ್ಕ ಹೊರಸಿನ ಮೇಲಿನಿಂದ ನನ್ನ ಕಡೆ ನೋಡಿ ನಕ್ಕಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕಣ್ಣು ಪೂರ್ತಿ ತೆರೆದಿದ್ದವು. ಆಯಿ ಬಾಗಿಲು ಎಳೆದುಕೊಂಡು ಗೋಣಿಚೀಲ ಒತ್ತಿದಳು. ಆ ದಿನ ಅವಳು ಬಾಗಿಲು ತೆರೆಯಬೇಕಾದ ಪ್ರಸಂಗವೇ ಬರಲಿಲ್ಲ. ಮಧ್ಯಾಹ್ನ ಅವ್ವ ಊಟ ಒಯ್ದಾಗ ಅಕ್ಕ ತಲೆ ಸಿಡಿಯುತ್ತಿದೆ, ಬೇಡ ಎಂದಳಂತೆ. ಬಾಣಂತಿಯ ತಲೆನೋವು, ಮಲಗಲಿ ಎಂದು ಅವ್ವ ಬಾಗಿಲು ಮುಚ್ಚಿ ಬಂದಳು. ಕೂಸು ಅಳಲಿಲ್ಲ. ಇವತ್ತು ಕೂಸು ಎಷ್ಟು ಚೆನ್ನಾಗಿ ಮಲಗಿದೆ ಎಂದು ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನಾನು ಪಡಸಾಲೆಯಲ್ಲಿ ಕುಂಟಬಿಲ್ಲೆಯ ಗೆರೆ ಎಳೆದುಕೊಂಡು ಒಬ್ಬಳೇ ಆಡುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆ ಆಡಿದ್ದು ನೆನಪಿಲ್ಲ.

ನಾಲ್ಕು ಗಂಟೆಗೆ ಮೌಲಾಬಿ ಬಾಣಂತಿಯ ಹೊಟ್ಟೆಗೆ ಪಟ್ಟಿ ಬಿಗಿಯಲು ಬಂದಳು. ಕೋಣೆಯ ಬಾಗಿಲು ತೆರೆದವಳು ಒಳಗೆ ಒಂದು ಹೆಜ್ಜೆ ಇಟ್ಟು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಅದರ ಕೈಕಾಲು ಒದ್ದೆ ಬಟ್ಟೆಯಂತೆ ಜೋಲುತ್ತಿದ್ದವು. ನೆಲದ ಮೇಲೆ ಕೂತು, ಅದರ ಬಾಯಿ ಮೂಗಿಗೆ ತನ್ನ ಬಾಯಿ ಇಟ್ಟು ಸಣ್ಣ ಸಣ್ಣದಾಗಿ ಊದಿದಳು, ಅಂಗಾಲು ಬಡಿದಳು, ಮತ್ತೆ ಊದಿದಳು. ನಡುವೆ ತಲೆಯೆತ್ತಿ ಅವ್ವನಿಗೆ, "ಶಾಂತೀನ ಹೊರಗ ಎಳಕೊಂಡು ಬರ್ರಿ, ಆ ಕೌದಿ ಕಿತ್ತು ಒಗೀರಿ," ಎಂದು ಕಿರುಚಿದಳು. ಅವ್ವ ಮತ್ತು ಪಕ್ಕದ ಮನೆಯವಳು ಸೇರಿ ಅಕ್ಕನನ್ನು ತಂದು ಕಟ್ಟೆಯ ಮೇಲೆ ಮಲಗಿಸಿದರು. ಅವಳಿಗೆ ಎಚ್ಚರವಿತ್ತೋ ಇಲ್ಲವೋ, ವಾಂತಿ ಮಾತ್ರ ಬಿಡದೆ ಆಗುತ್ತಿತ್ತು. ಎಷ್ಟು ಹೊತ್ತಾಯಿತೋ, ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಿತು.

ಆ ಗದ್ದಲದಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಹೇಳಲೇಬೇಕು. ನಾನು ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಕೈ ಸುಟ್ಟಿತು. ಇದ್ದಲಿಯನ್ನೆಲ್ಲ ಚರಂಡಿಗೆ ಸುರಿದು, ಅದರ ಮೇಲೆ ನೀರು ಹೊಯ್ದು, ಒಲೆಯ ಪಕ್ಕ ಗುಡ್ಡೆ ಹಾಕಿದ್ದ ನಿನ್ನೆಯ ಬೂದಿಯನ್ನು ಅಗ್ಗಿಷ್ಟಿಕೆಗೆ ತುಂಬಿ ಮತ್ತೆ ಕೋಣೆಯಲ್ಲಿಟ್ಟೆ. ಇದ್ದಲಿಯಿಂದಲೇ ಹೀಗಾಯಿತು ಎಂದು ನನಗೆ ಆಗ ತಿಳಿದಿರಲಿಲ್ಲ. ಆಯಿಯ ಮಾತು ಮೀರಿದ್ದೇನೆ, ದೇವರು ನೋಡಿಬಿಟ್ಟ, ಇನ್ನು ನನ್ನನ್ನು ಕೊಂದೇಬಿಡುತ್ತಾರೆ ಎಂಬ ಹೆದರಿಕೆಯೊಂದೇ. ಅಕ್ಕ ಅಂಗಳದಲ್ಲಿ ಸಾಯುತ್ತಿರಬಹುದಾದ ಹೊತ್ತಿನಲ್ಲಿ ನಾನು ಬೂದಿ ತುಂಬುತ್ತಿದ್ದೆ.

ಅಪ್ಪ ಟಾಂಗಾ ತಂದು ಅಕ್ಕನನ್ನೂ ಕೂಸನ್ನೂ ಡಾಕ್ಟರ ಹತ್ತಿರ ಒಯ್ದ. ಡಾಕ್ಟರು ಏನು ಕುಡಿದಿದ್ದಳು, ಏನು ತಿಂದಿದ್ದಳು ಎಂದು ಕೇಳಿದರಂತೆ. ಬೆಂಕಿಯ ವಿಷಯ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಕಾಢೆ ಕುಡಿದದ್ದು ಕೇಳಿ ಇನ್ನು ಮೇಲೆ ಅಂಥದ್ದೆಲ್ಲ ಕೊಡಬೇಡಿ ಎಂದರಂತೆ. ಅಷ್ಟು ಸಾಕಾಯಿತು. ತಾಯಿ ಮಗು ಉಳಿದು ಮನೆಗೆ ಮರಳಿದ ಮೇಲೆ, ಮರುದಿನ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಆಯಿ ಮೊದಲು ನನ್ನನ್ನು ನಿಲ್ಲಿಸಿ ಕೇಳಿದಳು. ಮೌಲಾಬಿಯೂ ಅಲ್ಲಿದ್ದಳು, ಕೂಸನ್ನು ನೋಡಲು ಬಂದಿದ್ದಳು. ಬಾಗಿಲಲ್ಲಿ ಓಣಿಯ ನಾಲ್ಕೈದು ಹೆಂಗಸರು.

"ನಿನ್ನಿ ಅಗ್ಗಿಷ್ಟಿಗ್ಯಾಗ ಏನು ಹಾಕಿದ್ದಿ? ಖರೆ ಹೇಳು."

"ಜಾಲಿ."

"ಬರೇ ಜಾಲಿ?"

"ಬರೇ ಜಾಲಿ, ಆಯಿ."

ಮೌಲಾಬಿ ಎದ್ದು ಕೋಣೆಗೆ ಹೋಗಿ ಅಗ್ಗಿಷ್ಟಿಕೆಯ ಬೂದಿಗೆ ಕೈ ಹಾಕಿದಳು. ಬೆರಳಿನಲ್ಲಿ ಉಜ್ಜಿ ನೋಡಿದಳು. "ನಿನ್ನಿ ನಾ ಕೋಣ್ಯಾಗ ಬಂದಾಗೂ ಮುಟ್ಟೀನಿ. ಆಗೂ ಬೂದಿ ತಣ್ಣಗಿತ್ತು, ದಿನಾಪೂರ್ತಿ ಉರಿದ ಬೆಂಕಿ ಬೂದಿ ಹಂಗ ಇರಂಗಿಲ್ಲ," ಎಂದು ನನ್ನ ಮುಖ ನೋಡಿದಳು. ಪಟ್ಟಿಯ ಬಟ್ಟೆ ತೆಗೆದುಕೊಳ್ಳಲು ಅವಳು ಎರಡನೇ ಸಲ ಒಳಗೆ ಹೋದದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ಸುಟ್ಟ ಕೈಯನ್ನು ಲಂಗದ ಹಿಂದೆ ಮುಚ್ಚಿಕೊಂಡೆ. ಆದರೆ ಆಯಿಯ ಸಿಟ್ಟು ಆಗಲೇ ಆ ಕಡೆ ತಿರುಗಿತ್ತು.

"ಬೂದಿ ಮಾತು ಬಿಡು. ಬೆಂಕಿ ಚೊಲೊ ಇತ್ತು, ನಾನ ನೋಡೀನಿ. ಆ ಕಾಢೇದಾಗ ಏನು ಹಾಕಿದ್ದಿ? ತಾಯಿ ಹಾಲಿನಾಗಿಂದ ಕೂಸಿಗೂ ಏರೇದ ಅದು."

"ಯವ್ವಾ, ನಿನ್ನ ಸೊಸಿಗೂ ಎರಡೂ ಬಾಣಂತನದಾಗ ಅದನ್ನ ಕೊಟ್ಟೀನಿ."

"ಮುಪ್ಪಾತು ನಿನಗ. ಕಣ್ಣಿಗೆ ಕಾಣದ ಏನೋ ಬೆರಸೀದಿ. ಇನ್ನ ನಮ್ಮನಿ ಹೊಸ್ತಿಲ ತುಳೀಬ್ಯಾಡ."

ಮೌಲಾಬಿ ಇನ್ನೊಮ್ಮೆ ನನ್ನ ಕಡೆ ನೋಡಿದಳು. ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಮೇಲೆ ಮಾತು ಓಣಿಯಲ್ಲಿ ಹಬ್ಬಿತು. ಮೌಲಾಬಿಯ ಕಾಢೆಯಿಂದ ಬಾಣಂತಿ ಸಾಯುತ್ತಿದ್ದಳಂತೆ ಎಂಬಲ್ಲಿಂದ ಶುರುವಾಗಿ, ಅವಳ ಕೈ ಕೆಟ್ಟಿತು ಎಂಬಲ್ಲಿಗೆ ಬಂದು ನಿಂತಿತು. ಯಾರೂ ಅವಳನ್ನು ಮತ್ತೆ ಹೆರಿಗೆಗೆ ಕರೆಯಲಿಲ್ಲ. ಆಕೆ ಓಣಿಯಲ್ಲಿ ಬಂದರೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅವಳು ಮಕ್ಕಳ ಮೂಗು ಒರೆಸುವುದನ್ನೂ ಬಿಟ್ಟಳು. ನಾನು ಕಟ್ಟಿಗೆ ಆರಿಸುವುದನ್ನು ಬಿಟ್ಟೆ. ಯಾಕೆ ಎಂದು ಆಯಿ ಕೇಳಿದರೆ ಓದುವುದಿದೆ ಎನ್ನುತ್ತಿದ್ದೆ. ಸುಳ್ಳಲ್ಲ, ಹೆದರಿಕೆಯಿಂದಲೇ ನಾನು ಓದಲು ಕೂತದ್ದು.

ಏಳು ವರ್ಷದ ನಂತರ ನಮ್ಮೂರಲ್ಲೇ ನರ್ಸಿಂಗ್ ಕಲಿಯಲು ಸೇರಿದೆ. ಒಂದು ದಿನ ಪಾಠ ಹೇಳುವ ಸಿಸ್ಟರ್ ಮುಚ್ಚಿದ ಕೋಣೆಯ ಬೆಂಕಿಯ ವಿಷಯ ಹೇಳಿದರು. ಎಲ್ಲ ಬೆಂಕಿಯಿಂದಲೂ ವಾಸನೆಯಿಲ್ಲದ, ಬಣ್ಣವಿಲ್ಲದ ವಿಷದ ಗಾಳಿ ಹುಟ್ಟುತ್ತದೆ, ಇದ್ದಲಿಯಿಂದ ಇನ್ನೂ ಹೆಚ್ಚು, ತಲೆನೋವು, ವಾಂತಿ, ಆಮೇಲೆ ನಿದ್ದೆ ಎಂದರು. ಕಟ್ಟಿಗೆ ಕುಳ್ಳು ಹೊಗೆಯಾದಾಗ ಜನ ಕೆಮ್ಮಿ ಬಾಗಿಲು ತೆರೆಯುತ್ತಾರೆ, ಹೊಗೆಯಿಲ್ಲದ ಇದ್ದಲಿಗೆ ಯಾರೂ ತೆರೆಯುವುದಿಲ್ಲ ಎಂದರು. ಉಳಿದವರು ಬರೆದುಕೊಳ್ಳುತ್ತಿದ್ದರು. ನನ್ನ ಪೆನ್ನು ನಿಂತಿತು. ಅಕ್ಕನ ಕಣ್ಣುರಿಸುತ್ತಿದ್ದ ಆ ಹೊಗೆಯೇ ಅಷ್ಟು ದಿನ ಅವಳನ್ನು ಕಾಯುತ್ತಿತ್ತು. ಅದನ್ನು ತೆಗೆದುಹಾಕಿದವಳು ನಾನು, ಪ್ರೀತಿಯಿಂದ, ಜಾಣತನದಿಂದ. ಮುಂದೆ ಮೂವತ್ತು ವರ್ಷ ದೇವದುರ್ಗದ ಹಳ್ಳಿಗಳಲ್ಲಿ ಕೆಲಸ ಮಾಡಿದಾಗ ನಾನು ಯಾವ ಬಾಣಂತಿಯ ಮನೆಗೆ ಹೋದರೂ ಮೊದಲು ಕಿಟಕಿ ತೆರೆಯುತ್ತಿದ್ದೆ. ಮುದುಕಿಯರು ಕಿಟಕಿ ಸಿಸ್ಟರ್ ಬಂದಳು ಎಂದು ನಗುತ್ತಿದ್ದರು. ಅವರಿಗೆ ಕಾರಣ ಹೇಳಿದ್ದೇನೆ, ಈ ಕಥೆ ಹೇಳಿಲ್ಲ.

ಆ ಪಾಠ ಕೇಳಿದ ದಿನ ಸಂಜೆಯೇ ಮೌಲಾಬಿಯ ಮನೆಗೆ ಹೋದೆ. ಅವಳು ಹೊಸ್ತಿಲ ಒಳಗೆ ಕೂತು ಮೆಣಸಿನಕಾಯಿ ರಾಶಿಯ ಮುಂದೆ ತೊಟ್ಟು ಬಿಡಿಸುತ್ತಿದ್ದಳು. ಪೇಟೆಯ ವ್ಯಾಪಾರಿಗಳಿಗೆ ಅದೇ ಕೆಲಸ ಮಾಡಿಕೊಂಡಿದ್ದಳು. ಘಾಟಿಗೆ ನನಗೆ ಮಾತು ಹೊರಡುವ ಮೊದಲೇ ಕೆಮ್ಮು ಬಂತು. ನಿಂತೇ ಎಲ್ಲ ಹೇಳಿದೆ. ಇದ್ದಲಿ, ಚರಂಡಿ, ಬೂದಿ, ಎಲ್ಲ. ಅವಳು ತಲೆ ಎತ್ತದೆ ತೊಟ್ಟು ಬಿಡಿಸುತ್ತಲೇ ಕೇಳಿದಳು.

"ನನಗ್ಯಾಕ ಹೇಳ್ತಿ ಇದನ್ನ? ನಾ ಏನು ಕೊಟ್ಟಿದ್ದೆ ಅಂತ ನನಗ ಗೊತ್ತದ."

"ತಪ್ಪಾತು, ಮೌಲಾಬಿ."

"ನನ್ನ ಮುಂದ ಅಳಬ್ಯಾಡ. ಎಲ್ಲಿ ನನ್ನ ಹೆಸರು ಹೋತು, ಅಲ್ಲಿ ಹೋಗಿ ಹೇಳು. ನಳದ ಹತ್ರ ಹೇಳು."

ನಳದ ಹತ್ತಿರ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಮೂರು ಬೆಳಿಗ್ಗೆ ಕೊಡ ಹಿಡಿದು ಹೋಗಿ, ನೀರು ತುಂಬಿಕೊಂಡು ಸುಮ್ಮನೆ ಬಂದೆ. ನಾಲ್ಕನೆಯ ದಿನ ಸರದಿಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ನಾನು ಕೊಡ ಕೆಳಗಿಟ್ಟು, "ಶಾಂತಕ್ಕನ ಬಾಣಂತನದಾಗ ಆದದ್ದು ಮೌಲಾಬಿ ಕಾಢೇದಿಂದ ಅಲ್ಲ, ನನ್ನಿಂದ," ಎಂದೆ. ಮೊದಲ ಸಲ ಯಾರಿಗೂ ಕೇಳಲಿಲ್ಲ, ನೀರಿನ ಸದ್ದು. ಎರಡನೆಯ ಸಲ ಕೂಗಿ ಹೇಳಿದೆ. ಎಲ್ಲರೂ ತಿರುಗಿದರು. ಪೂರ್ತಿ ಹೇಳಿ ಮುಗಿಸಿದಾಗ ಒಬ್ಬಳು, "ಈಗೆಲ್ಲಾರೂ ದವಾಖಾನಿಗೇ ಹೋಗ್ತಾರ ಬಿಡು, ಆ ಮಾತು ಯಾಕೀಗ? ಕೊಡ ಹಿಡಿ, ನೀರು ಹೊಂಟಾವ," ಎಂದಳು. ಇನ್ನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು. ಮೌಲಾಬಿ ಬಂದಾಗ ಕೂಸನ್ನು ಒಳಗೆ ಒಯ್ಯುತ್ತಿದ್ದವರಲ್ಲಿ ಅವಳೇ ಮೊದಲನೆಯವಳು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಆಯಿಗೆ ಮುಟ್ಟಿತ್ತು. ಅವಳಿಗೆ ಅಷ್ಟು ಹೊತ್ತಿಗೆ ಕಣ್ಣು ಪೂರ್ತಿ ಹೋಗಿದ್ದವು. ಹೊಡೆಯುತ್ತಾಳೆ ಎಂದುಕೊಂಡು, ಹೊಡೆದರೆ ಒಳ್ಳೆಯದೇ ಎಂದುಕೊಂಡು, ಅವಳ ಎದುರು ಕೂತೆ.

"ಕೌದಿ ತುರುಕಿದಾಕಿ ನಾನು," ಎಂದಳು. "ಬೆಂಕಿ ಚೊಲೊ ಅದ ಅಂದಾಕಿನೂ ನಾನು. ನೀ ಸಣ್ಣಾಕಿ ಇದ್ದಿ. ಅಕಿ ಬೂದಿ ತಣ್ಣಗಿತ್ತು ಅಂದಾಗ ನಾನರ ಕೇಳಬೇಕಿತ್ತಲ್ಲ." ಆಮೇಲೆ, "ಶಾಂತಿಗೆ ಕಾಗದ ಬರಿ. ಹುಡುಗೀನ ಕರಕೊಂಡು ಬಾ ಅನ್ನು," ಎಂದಳು.

ಅಕ್ಕ ಆ ವಾರವೇ ಮಾನ್ವಿಯಿಂದ ಬಂದಳು. ಅವಳಿಗೂ ನಾನು ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಆದರೆ ಆ ದಿನ ಊಟಕ್ಕೆ ನನ್ನ ಪಕ್ಕ ಕೂರಲೂ ಇಲ್ಲ. ಮಗಳು ಭಾಗ್ಯಳಿಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮರುದಿನ ಬೆಳಿಗ್ಗೆ ನಾವು ನಾಲ್ವರೂ ಮೌಲಾಬಿಯ ಮನೆಗೆ ಹೋದೆವು. ಆಯಿ ನನ್ನ ಹೆಗಲು ಹಿಡಿದು ನಡೆದಳು. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು.

ಮೌಲಾಬಿ ಬಾಗಿಲಿಗೆ ಬಂದಳು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ಹುಡುಗಿಯನ್ನೇ ನೋಡಿದಳು.

"ಇದೇನಾ?"

"ಹೌದು, ಇದ," ಎಂದಳು ಅಕ್ಕ.

"ಬಾ ಬೇಟಿ, ಒಳಗ ಬಾ."

ನಮಗೆ ಬರ್ರಿ ಎನ್ನಲಿಲ್ಲ. ನಾನೂ ಆಯಿಯೂ ಅಕ್ಕನೂ ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತೆವು. ಮೌಲಾಬಿ ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಹುಣಸೆಹಣ್ಣು ಉಜ್ಜಿ ಮತ್ತೆ ತೊಳೆದಳು. ಎಣ್ಣೆ ಸವರಿ ಒರೆಸಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ತಲೆ ಅಲ್ಲಾಡಿಸಿದಳು. "ಹೋಗಂಗಿಲ್ಲ ಈ ಖಾರ. ಈ ಕೈ ತಾಕಿದ್ರ ಕೂಸಿನ ಮೈ ಉರೀತದ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಭಾಗ್ಯಳ ಮುಂದೆ ಮೊಣಕಾಲೂರಿ, ಬಾಗಿ ಅವಳ ಎದೆಗೆ ಕಿವಿ ಇಟ್ಟಳು.

"ಉಸಿರು ಎಳಿ ಬೇಟಿ. ಹೌ. ಇನ್ನೊಂದ್ ಸಲ."

ಹುಡುಗಿ ಆಟವೆಂದು ತಿಳಿದು ಜೋರಾಗಿ ಉಸಿರೆಳೆದಳು. ಮೌಲಾಬಿ ಕಣ್ಣು ಮುಚ್ಚಿಕೊಂಡಿದ್ದಳು. ಎಷ್ಟೋ ಹೊತ್ತು ಹಾಗೇ ಇದ್ದಳು. ಆಯಿಗೆ ಏನೂ ಕಾಣದು, ಒಳಗೆ ಮಾತು ನಿಂತದ್ದಷ್ಟೇ ಗೊತ್ತು. ಅವಳು ಹೊಸ್ತಿಲನ್ನು ತಡವಿ ಹಿಡಿದುಕೊಂಡು, ಅಳುತ್ತ, "ಮೌಲಾಬೀ, ತಪ್ಪಾತವ್ವಾ, ನನ್ನದ ತಪ್ಪು," ಎಂದಳು.

ಹುಡುಗಿಯ ಎದೆಯಿಂದ ಕಿವಿ ತೆಗೆಯದೆಯೇ ಮೌಲಾಬಿ ಹೇಳಿದಳು:

"ಸುಮ್ನಿರ್ರಿ. ಉಸಿರು ಕೇಳಸವಲ್ದು."